ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗೋಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಗೆ ಹಳ್ಳಿಯ ಸಂಬಂಧವೇ ಉಳಿದಿಲ್ಲ. ಮಕ್ಕಳಿಗೆ ಹೊಲ, ಪೈರು, ಎತ್ತು ತೋರಿಸುವಂಥ ಒಂದು ಹಬ್ಬ ಹೇಳಿ. ರೆಸಾರ್ಟ್ ಬೇಡ. (ಬೆಂಗಳೂರು)

ಉತ್ತರ: ಎಳ್ಳಮಾವಾಸ್ಯೆಗೆ ಹೋಗಿ. ಕಲಬುರಗಿ, ಬೀದರ್, ವಿಜಯಪುರ, ಬಾಗಲಕೋಟೆ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಭಾಷಣ ಇಲ್ಲ. ಹಿಂಗಾರಿನ ಬಿಳಿಜೋಳ ಎದ್ದು ನಿಂತಿರುತ್ತದೆ, ಕಡಲೆ ಹೂವು ಕಾಯಿ ಹಿಡಿಯುತ್ತಿರುತ್ತದೆ, ಅದರ ನಡುವೆ ಕಂಬಳಿ ಹಾಸಿ ಅಜ್ಜಿಯಿಂದ ಹಿಡಿದು ಕೈಕೂಸಿನವರೆಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಕಲಬುರಗಿ, ಬೀದರ್ ಕಡೆಯಾದರೆ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಬೇಯಿಸಿದ ಭಜ್ಜಿಯೂ ಇರುತ್ತದೆ. ಅದನ್ನು ಬಿಡಬೇಡಿ.

ಕ್ಯಾಲೆಂಡರ್ ನೋಡದೆ ರಜೆ ಹಾಕಬೇಡಿ. ಇದು ಮಾರ್ಗಶಿರ ಮಾಸದ ಅಮಾವಾಸ್ಯೆ, ತಾರೀಖು ಓಡಾಡುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಆ ಸಲದ ಹಬ್ಬ 2024ರ ಜನವರಿ 11ಕ್ಕೆ ಹೋಯಿತು, ಮುಂದಿನದು ಅದೇ ವರ್ಷದ ಡಿಸೆಂಬರ್ 30ಕ್ಕೇ ಬಂತು.

ಪ್ರಶ್ನೆ: ಹಬ್ಬದಲ್ಲಿ ಚರಗ ಚೆಲ್ಲುವುದನ್ನು (ಅಡುಗೆಯನ್ನು ಹೊಲದ ಸುತ್ತ ಎರಚುವುದನ್ನು) ನೋಡಿ ನನ್ನ ಮಗ "ಊಟ ಯಾಕೆ ಚೆಲ್ತಾರೆ, ಅದು ವೇಸ್ಟ್ ಅಲ್ವಾ?" ಅಂತ ಕೇಳಿದ. ಏನು ಹೇಳಲಿ? (ಹುಬ್ಬಳ್ಳಿ)

ಉತ್ತರ: ಒಳ್ಳೆಯ ಪ್ರಶ್ನೆ, ಅವನನ್ನು ಗದರಬೇಡಿ. ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಮಾಡಿ ತಂದ ಅಡುಗೆಯಲ್ಲೇ ಸ್ವಲ್ಪ ತೆಗೆದು, "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಾರೆ. ಕೂಗುವ ಮಾತು ಊರಿಂದ ಊರಿಗೆ ಬೇರೆ. ವರ್ಷವಿಡೀ ಉಣ್ಣಿಸುವ ಭೂಮಿತಾಯಿಗೆ ಮೊದಲ ತುತ್ತು, ಅಷ್ಟೇ.

ಹಕ್ಕಿಗಳ ವಿಷಯವನ್ನೂ ಹೇಳಿ. ಕಡಲೆಗೆ ಕಾಯಿಕೊರಕ ಹುಳ ಬೀಳುವ ಹೊತ್ತು ಸುಮಾರು ಇದೇ. ಚೆಲ್ಲಿದ್ದನ್ನು ತಿನ್ನಲು ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ. ಹುಳ ಜಾಸ್ತಿಯಾದರೆ ಹೊಲದಲ್ಲಿ ಚುರುಮುರಿ ಚೆಲ್ಲಿ, ಹಕ್ಕಿ ಕೂರಲು ಕೋಲು ನೆಡಿ ಅಂತ ಕೃಷಿ ತಜ್ಞರು ಇವತ್ತಿಗೂ ಹೇಳುತ್ತಾರೆ. ಹಬ್ಬ ಶುರುವಾದದ್ದೇ ಹುಳಕ್ಕಾಗಿ ಅಂತ ಮಾತ್ರ ಕಥೆ ಕಟ್ಟಬೇಡಿ. ಅದು ಭಕ್ತಿಯ ಕೆಲಸ, ಹಾಗೇ ಇರಲಿ.

ಪ್ರಶ್ನೆ: ಪರಿಚಯದವರು ಹೊಲಕ್ಕೆ ಕರೆದಿದ್ದಾರೆ. ಚಿಕ್ಕ ಮಕ್ಕಳಿದ್ದಾರೆ, ಏನು ನೋಡಿಕೊಳ್ಳಬೇಕು? (ಮೈಸೂರು)

ಉತ್ತರ: ಮೊದಲು ನೀರು. ಹೊಲದ ಬಾವಿಗೆ ಎಷ್ಟೋ ಕಡೆ ಕಟ್ಟೆ ಇರುವುದಿಲ್ಲ. ಅದಕ್ಕಿಂತ ಮೋಸದ್ದು ಕೃಷಿ ಹೊಂಡ. ನೋಡಲು ಆಳವಿಲ್ಲ ಅನ್ನಿಸುತ್ತದೆ, ಆದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಅದು ಒದ್ದೆಯಾಗಿ ಪಾಚಿ ಕಟ್ಟಿ ಎಷ್ಟು ಜಾರುತ್ತದೆಂದರೆ ಬಿದ್ದವರು ದೊಡ್ಡವರಾದರೂ ಹತ್ತಿ ಬರುವುದು ಕಷ್ಟ. ಹೋದ ತಕ್ಷಣ ಬಾವಿ ಎಲ್ಲಿದೆ, ಹೊಂಡ ಎಲ್ಲಿದೆ ಕೇಳಿ. ಮಕ್ಕಳ ಮೇಲೆ ಕಣ್ಣಿಡಲು ಒಬ್ಬರನ್ನು ಗೊತ್ತು ಮಾಡಿ. "ಎಲ್ಲರೂ ನೋಡ್ಕೋತೀವಿ" ಅಂದರೆ ಯಾರೂ ನೋಡುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ.

ಉಳಿದದ್ದು ಸಣ್ಣದು. ಎರೆಮಣ್ಣು ಆಗ ಬಿರುಕು ಬಿಟ್ಟಿರುತ್ತದೆ, ಕಾಲು ಸಿಕ್ಕಿ ಉಳುಕಬಹುದು, ಶೂ ಹಾಕಿಸಿ. ಕಡಲೆ ಗಿಡದ ಎಲೆಯಲ್ಲಿ ಹುಳಿ ಇರುತ್ತದೆ, ಬರಿಗಾಲಿಗೆ ತಾಗಿದರೆ ಉರಿಯುತ್ತದೆ. ಆದರೆ ಆ ಎಲೆ ಮುಟ್ಟಿದ ಬೆರಳನ್ನು ಮಕ್ಕಳು ನೆಕ್ಕಿ ನೋಡಲಿ, ಅದರ ಖುಷಿಯೇ ಬೇರೆ! ಔಷಧಿ ಹೊಡೆದಿಲ್ಲ ಅಂತ ಹೊಲದವರನ್ನು ಕೇಳಿಕೊಂಡು ಮಾತ್ರ. ಬದುವಿನ ಮೇಲೆ ನಡೆಸಿ. ಫೋಟೋಗೋಸ್ಕರ ಜೋಳದೊಳಗೆ ನುಗ್ಗಬೇಡಿ, ಅದು ಒಬ್ಬರ ವರ್ಷದ ಅನ್ನ.

ಪ್ರಶ್ನೆ: ಈಗ ಬಂಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ. ಹಬ್ಬದ ಸೊಗಸೇ ಹೋಯಿತಲ್ಲವೇ? (ರಾಯಚೂರು)

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಸಿಂಗಾರ ಮಾಡಿದ ಎತ್ತಿನ ಬಂಡಿ ಚೆಂದ, ನಿಜ. ಆದರೆ ಎತ್ತು ಸಾಕುವುದು ರೈತರಿಗೆ ಎಷ್ಟು ಭಾರವಾಗಿದೆ ಅಂತ ನಿಮಗೂ ಗೊತ್ತು. ಟ್ರ್ಯಾಲಿಯಲ್ಲಿ ಇಡೀ ಓಣಿಯೇ ಕೂತು ಹೋಗುತ್ತದೆ, ನಡೆಯಲಾಗದ ಮುದುಕರೂ ಬರುತ್ತಾರೆ. ನನ್ನ ಸಿಟ್ಟು ಇರುವುದು ಹೊಲದಲ್ಲೇ ಬಿಟ್ಟು ಬರುವ ಪ್ಲಾಸ್ಟಿಕ್ ತಟ್ಟೆ, ಲೋಟದ ಮೇಲೆ. ಮೇವಿನ ಜೊತೆ ಅದು ದನದ ಹೊಟ್ಟೆ ಸೇರುತ್ತದೆ. ಮನೆಯ ತಟ್ಟೆ ಒಯ್ಯಿರಿ, ಇಲ್ಲವೇ ಎಲೆಯಲ್ಲಿ ಉಣ್ಣಿ.

ಪ್ರಶ್ನೆ: ಅಷ್ಟು ದೂರ ಹೋಗಲು ಆಗದಿದ್ದರೆ? (ತುಮಕೂರು)

ಉತ್ತರ: ಬೆಂಗಳೂರಿನ ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೃಷಿ ಮೇಳ ನಡೆಯುತ್ತದೆ. ಬೆಳೆದು ನಿಂತ ತಳಿಗಳು, ಕುರಿ, ಕೋಳಿ, ಯಂತ್ರ ಎಲ್ಲ ನೋಡಬಹುದು. ರಜೆಯ ದಿನ ಜನ ವಿಪರೀತ, ಬೆಳಿಗ್ಗೆ ಬೇಗ ಹೋಗಿ. ಮಳಿಗೆಗಳಿಗಿಂತ ಮೊದಲು ಬೆಳೆ ತಾಕುಗಳ ಕಡೆ ನಡೆಯಿರಿ, ಬಿಸಿಲೇರಿದ ಮೇಲೆ ಮಕ್ಕಳು ಅಲ್ಲಿಗೆ ಬರುವುದಿಲ್ಲ.