ಓದುಗರ ಪ್ರಶ್ನೆ: ಸುಳ್ಯದ ತೋಟದ ತಮಿಳರು, ಜಾಫ್ನಾದ ತಮಿಳರು

ಪ್ರಶ್ನೆ: ನಮ್ಮ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಮಾಡುವ ತಮಿಳು ಕುಟುಂಬಗಳನ್ನು ಸಿಲೋನಿನವರು (ಇಂದಿನ ಶ್ರೀಲಂಕಾದವರು) ಎನ್ನುತ್ತಾರೆ. ಇವರು ಎಲ್‌ಟಿಟಿಇ ನಾಯಕ ಪ್ರಭಾಕರನ್ ಕಾಲದ ಯುದ್ಧಕ್ಕೆ ಹೆದರಿ ಬಂದವರೇ?
— ಸುಳ್ಯದ ಓದುಗರು

ಅಲ್ಲ. ಈ ತಪ್ಪು ತಿಳಿವಳಿಕೆ ಹೋಗಲೇಬೇಕು. ಇವರ ಹಿರಿಯರು 19ನೇ ಶತಮಾನದಲ್ಲಿ ಬ್ರಿಟಿಷರ ಕಾಫಿ ತೋಟಕ್ಕೆ, ಆಮೇಲೆ ಚಹಾ ತೋಟಕ್ಕೆ ತಮಿಳು ಸೀಮೆಯಿಂದ ಹೋದ ಕೂಲಿಗಳು. ಕ್ಯಾಂಡಿ, ಹಟ್ಟನ್, ನುವರ ಎಲಿಯದ ಗುಡ್ಡಗಳ ಲೈನ್ ಮನೆಗಳಲ್ಲಿ (ಕೂಲಿಗಳ ಸಾಲು ಮನೆಗಳಲ್ಲಿ) ಬದುಕಿದವರು. ಉತ್ತರದ ಜಾಫ್ನಾ ತಮಿಳರು ಶತಮಾನಗಳಿಂದ ಆ ದ್ವೀಪದವರೇ. ಭಾಷೆ ಒಂದಾದರೂ ಎರಡು ಬೇರೆ ಸಮುದಾಯ.

ಸ್ವಾತಂತ್ರ್ಯ ಬಂದ 1948ರಲ್ಲೇ ಸಿಲೋನ್ ಪೌರತ್ವ ಕಾಯ್ದೆ ತಂದಿತು. ಪೌರತ್ವ ಬೇಕಾದರೆ ತಂದೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆಯ ಕಡೆಯ ಅಜ್ಜ, ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿರಬೇಕು. ಲೈನ್ ಮನೆಯ ಕೂಲಿ ಮುತ್ತಜ್ಜನ ಜನನ ಪತ್ರವನ್ನು ಎಲ್ಲಿಂದ ತರಬೇಕು? ಸುಮಾರು ಏಳು ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ 9.75 ಲಕ್ಷ ಜನರನ್ನು ಹಂಚಿಕೊಳ್ಳಲಾಯಿತು: 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಬ್ಬರೂ ಸಮನಾಗಿ ಪಾಲು ಮಾಡಿಕೊಂಡರು. ಜನರನ್ನು ಯಾರೂ ಕೇಳಲಿಲ್ಲ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದ ಇಂಥ ಕುಟುಂಬಗಳಲ್ಲಿ ಕೆಲವಕ್ಕೆ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ತಮಿಳಿನಲ್ಲಿ ಇವರನ್ನು 'ತಾಯಗಂ ತಿರುಂಬಿಯೋರ್', ಅಂದರೆ ತಾಯ್ನಾಡಿಗೆ ಮರಳಿದವರು, ಎನ್ನುತ್ತಾರೆ. ಇವರು ಭಾರತದ ಪೌರರು. ನಿರಾಶ್ರಿತರೆಂದು ಕರೆಯುವುದು ತಪ್ಪು. ಯುದ್ಧದ ನಿರಾಶ್ರಿತರು ಬರತೊಡಗಿದ್ದು 1983ರ ನಂತರ.

ಪ್ರಶ್ನೆ: ನಮ್ಮ ರಾಜ್ಯದಲ್ಲೂ ಕನ್ನಡವೇ ಆಡಳಿತ ಭಾಷೆ. ಸಿಂಹಳವನ್ನು ಆಡಳಿತ ಭಾಷೆ ಮಾಡಿದ್ದಕ್ಕೆ ಅಲ್ಲಿ ಮಾತ್ರ ಅಷ್ಟು ದೊಡ್ಡ ಜಗಳ ಏಕಾಯಿತು?
— ದಾವಣಗೆರೆಯ ಓದುಗರು

ನಮ್ಮಲ್ಲಿ ಕನ್ನಡಕ್ಕೆ ಕರ್ನಾಟಕ ಇರುವಂತೆ ತಮಿಳಿಗೆ ತಮಿಳುನಾಡು ಇದೆ. ಸಿಲೋನ್ ಮಾತ್ರ ಇಡಿಯಾಗಿ ಕೊಲಂಬೊದಿಂದಲೇ ಆಳುವ ದೇಶ. 1956ರಲ್ಲಿ ಪ್ರಧಾನಿ ಬಂಡಾರನಾಯಕೆ ತಂದ ಕಾಯ್ದೆ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿತು. ಬದಲಾವಣೆಗೆ 1960ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು. ತಮಿಳರೇ ತುಂಬಿರುವ ಜಾಫ್ನಾದ ಕಚ್ಚೇರಿಯಲ್ಲೂ (ನಮ್ಮ ಕಚೇರಿಯೇ ಅದು) ಕಡತ ಸಿಂಹಳದಲ್ಲಿರಬೇಕು ಎಂದಾಯಿತು.

ಇದು ಸಂಬಳಕ್ಕೆ ಹೇಗೆ ತಟ್ಟಿತು ಎನ್ನುವುದಕ್ಕೆ ಕೋಡೀಶ್ವರನ್ ಮೊಕದ್ದಮೆ ನೋಡಿ. ಈ ಸರ್ಕಾರಿ ಗುಮಾಸ್ತರು ಸಿಂಹಳ ಪರೀಕ್ಷೆಗೆ ಕೂರಲಿಲ್ಲ. 1962ರಲ್ಲಿ ಅವರ ವಾರ್ಷಿಕ ವೇತನ ಬಡ್ತಿ ನಿಂತಿತು. ಒಂದು ಸಮುದಾಯಕ್ಕೆ ಮಾತ್ರ ಅನುಕೂಲ ಮಾಡುವ ಕಾನೂನು ಕೂಡದು ಎನ್ನುತ್ತಿತ್ತು ಆಗಿನ ಸಂವಿಧಾನದ 29ನೇ ವಿಧಿ. ಅದನ್ನೇ ಹಿಡಿದು 1964ರಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದರು. ಸರ್ಕಾರಿ ನೌಕರ ಸಂಬಳಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪನ್ನು ತಳ್ಳಿತು. ಹೂಡಬಹುದು ಎಂದ ಲಂಡನ್ನಿನ ಪ್ರಿವಿ ಕೌನ್ಸಿಲ್ (ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯ), ಮೂಲ ಪ್ರಶ್ನೆಯನ್ನು ವಿಚಾರಿಸಲು 1969ರಲ್ಲಿ ವಾಪಸು ಕಳಿಸಿತು. ವಿಚಾರಣೆ ಮುಗಿಯಲೇ ಇಲ್ಲ. 1971ರಲ್ಲಿ ಪ್ರಿವಿ ಕೌನ್ಸಿಲ್ ಮೇಲ್ಮನವಿ ರದ್ದಾಯಿತು. 1972ರ ಹೊಸ ಸಂವಿಧಾನ 29ನೇ ವಿಧಿಯನ್ನೇ ಕೈಬಿಟ್ಟು, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. ಕೋರ್ಟಿನ ದಾರಿ ಮುಚ್ಚಿದ್ದು ಹೀಗೆ.

ಮಾತುಕತೆಯ ದಾರಿ ಅದಕ್ಕೂ ಮೊದಲೇ ಮುಚ್ಚಿತ್ತು. ಪ್ರಾದೇಶಿಕ ಮಂಡಳಿಗಳನ್ನು ಕೊಡುತ್ತೇವೆಂದು 1957ರ ಜುಲೈನಲ್ಲಿ ಬಂಡಾರನಾಯಕೆ ಅವರು ತಮಿಳರ ಫೆಡರಲ್ ಪಕ್ಷದ ನಾಯಕ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡಿಕೊಂಡರು. ಮರುವರ್ಷ ವಾಹನಗಳ ನಂಬರ್ ಪ್ಲೇಟಿಗೆ ಸಿಂಹಳ 'ಶ್ರೀ' ಅಕ್ಷರ ಬಂತು. ಉತ್ತರದಲ್ಲಿ ಅದಕ್ಕೆ ಟಾರು ಬಳಿದರು, ಕೊಲಂಬೊದಲ್ಲಿ ತಮಿಳು ಬೋರ್ಡುಗಳಿಗೆ ಬಳಿದರು. ಏಪ್ರಿಲ್‌ನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕೂತರು. ಒಪ್ಪಂದ ಅಂದೇ ರದ್ದಾಯಿತು. ಮೇ ತಿಂಗಳಲ್ಲಿ ಗಲಭೆ. ಕೊಟ್ಟ ಮಾತನ್ನು ಬೀದಿಯ ಒತ್ತಡಕ್ಕೆ ಹಿಂತೆಗೆದುಕೊಂಡ ಆ ದಿನವೇ ಅತಿ ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನೌಕರಿಗಳಲ್ಲಿ ತಮಿಳರ ಪಾಲು ಹೆಚ್ಚು ಎಂಬ ಸಿಂಹಳೀಯರ ದೂರಿನಲ್ಲಿ ಹುರುಳಿರಲಿಲ್ಲವೇ?
— ಧಾರವಾಡದ ಓದುಗರು

ಇತ್ತು. ದೊಡ್ಡ ನದಿಯಿಲ್ಲದ ಒಣ ನೆಲ ಜಾಫ್ನಾ. ಮಿಷನರಿ ಶಾಲೆಗಳ ಇಂಗ್ಲಿಷ್, ಅದರಿಂದ ಸಿಗುವ ಸರ್ಕಾರಿ ನೌಕರಿಯೇ ಅಲ್ಲಿನ ಬೆಳೆ. ಹಾಗಾಗಿ ಆಡಳಿತ, ವೈದ್ಯಕೀಯ, ಎಂಜಿನಿಯರಿಂಗ್‌ಗಳಲ್ಲಿ ತಮಿಳರ ಪಾಲು ಜನಸಂಖ್ಯೆಗಿಂತ ಹೆಚ್ಚಿತ್ತು. ಹಳ್ಳಿಯ ಸಿಂಹಳ ಹುಡುಗನ ಶಾಲೆಯಲ್ಲಿ ಪ್ರಯೋಗಾಲಯ ಇರಲಿಲ್ಲ. ಕೆಟ್ಟದ್ದು ಪರಿಹಾರದ ರೀತಿ: 1971ರಲ್ಲಿ ವೈದ್ಯಕೀಯ ಪ್ರವೇಶಕ್ಕೆ 400ಕ್ಕೆ ಸಿಂಹಳ ಮಾಧ್ಯಮದವರಿಗೆ 229 ಅಂಕ ಸಾಕಾಯಿತು, ತಮಿಳು ಮಾಧ್ಯಮದವರಿಗೆ 250 ಬೇಕಾಯಿತು. ಬಡತನವನ್ನಾಗಲೀ ಊರನ್ನಾಗಲೀ ನೋಡದೆ ಮಾಧ್ಯಮ ನೋಡಿದರು. ಮುಂದೆ ಬಂದ ಜಿಲ್ಲಾ ಕೋಟಾ ಹಿಂದುಳಿದ ತಮಿಳು ಜಿಲ್ಲೆಗಳಿಗೂ ನೆರವಾಯಿತು ನಿಜ; ಅಷ್ಟರಲ್ಲಿ ಜಾಫ್ನಾದ ಹುಡುಗರು ಹಿರಿಯರ ಸತ್ಯಾಗ್ರಹದಲ್ಲಿ ನಂಬಿಕೆ ಕಳೆದುಕೊಂಡಿದ್ದರು. 1976ರ ಮೇ 14ರಂದು ವಟ್ಟುಕೋಟ್ಟೈಯಲ್ಲಿ ಪ್ರತ್ಯೇಕ ಈಳಂ (ತಮಿಳರದೇ ದೇಶ) ಬೇಕೆಂಬ ನಿರ್ಣಯವಾಯಿತು.

ಪ್ರಶ್ನೆ: ತಮಿಳು ಈಗ ಅಲ್ಲಿ ಅಧಿಕೃತ ಭಾಷೆಯೇ?
— ಮೈಸೂರಿನ ಓದುಗರು

ಹೌದು, 1987ರ 13ನೇ ತಿದ್ದುಪಡಿಯಿಂದ. ಅದೇ ತಿದ್ದುಪಡಿ ಪ್ರಾಂತ ಮಂಡಳಿಗಳನ್ನೂ ಕೊಟ್ಟಿತು. ಆದರೆ ಪೊಲೀಸ್, ಭೂಮಿಯ ಅಧಿಕಾರ ಕೊಲಂಬೊ ಕೈಬಿಟ್ಟಿಲ್ಲ. ಪ್ರತ್ಯೇಕ ಉತ್ತರ ಪ್ರಾಂತ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ, ಯುದ್ಧ ಮುಗಿದು ನಾಲ್ಕು ವರ್ಷದ ಮೇಲೆ. ಅದರ ಅವಧಿ 2018ರಲ್ಲಿ ತೀರಿದಾಗ ಆಡಳಿತ ರಾಜ್ಯಪಾಲರ ಕೈಗೆ ಹೋಯಿತು.