ಸೇಂಟ್ ಕಿಲ್ಡಾದ ಜನರು 1930ರಲ್ಲಿ ತಮ್ಮ ದ್ವೀಪವನ್ನೇ ತೊರೆದದ್ದು ಏಕೆ?

ದುಡಿಯುವ ಕೈಗಳು ಸಾಲದೆ ಹೋದದ್ದೇ ಮುಖ್ಯ ಕಾರಣ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ಈ ದ್ವೀಪಸಮೂಹದ ಮುಖ್ಯ ದ್ವೀಪವಾದ ಹಿರ್ಟಾದಲ್ಲಿ ಜನರು ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಕಡಲಹಕ್ಕಿಗಳನ್ನೂ ಮೊಟ್ಟೆಗಳನ್ನೂ ಹಿಡಿದು ತಂದು ಬದುಕುತ್ತಿದ್ದರು; ಒಬ್ಬನು ಇಳಿದರೆ ಮೇಲೆ ಹಗ್ಗ ಹಿಡಿಯಲು ನಂಬಿಕೆಯ ಕೈಗಳು ಬೇಕು, ದೋಣಿಗೆ ಹುಟ್ಟು ಹಾಕಲು ತಂಡವೇ ಬೇಕು. ಆದ್ದರಿಂದ ಇಂಥ ಊರು ನಿಧಾನವಾಗಿ ಬಡವಾಗುವುದಿಲ್ಲ, ಗಂಡಾಳುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದ ಕೂಡಲೇ ಅದರ ಬದುಕು ಒಟ್ಟಿಗೆ ನಿಂತುಬಿಡುತ್ತದೆ.

1852ರಲ್ಲೇ 36 ಮಂದಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಹಸುಗೂಸುಗಳನ್ನು ಧನುರ್ವಾಯು ಬಹುಕಾಲ ಬಲಿ ತೆಗೆದುಕೊಂಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯೊಂದಿಗೆ ಬಂದ ಹೊರಜಗತ್ತಿನ ಪರಿಚಯದ ನಂತರ ಯುವಕರು ಒಬ್ಬೊಬ್ಬರಾಗಿ ಹೊರನಡೆದರು. ಕೊನೆಗೆ, ಇನ್ನೂ ಕೆಲವರು ಹೋಗಲು ನಿರ್ಧರಿಸಿರುವುದರಿಂದ ಉಳಿದವರು ಬದುಕಲಾಗದೆಂದು ದ್ವೀಪದವರೇ ಸರ್ಕಾರಕ್ಕೆ ಮನವಿ ಬರೆದರು. ಅವರನ್ನು ಬಲವಂತವಾಗಿ ಎಬ್ಬಿಸಲಾಯಿತು ಎಂಬುದು ಸರಿಯಲ್ಲ.

1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರು ಹೇರ್‌ಬೆಲ್ ಎಂಬ ಹಡಗು ಹತ್ತಿದರು. ಪ್ರತಿ ಮನೆಯಲ್ಲೂ ತೆರೆದಿಟ್ಟ ಬೈಬಲ್ ಮತ್ತು ಒಂದು ಪುಟ್ಟ ರಾಶಿ ಓಟ್ಸ್ ಕಾಳನ್ನು ಬಿಟ್ಟು ಅವರು ಬಾಗಿಲು ಹಾಕಿದರು.