ಅಜ್ಜನ ದುಡುಕು ಮೊಮ್ಮಗನಿಗೆ ಇಳಿಯಿತೇ?

ಪ್ರಶ್ನೆ: ನಮ್ಮ ಮಗನಿಗೆ 17 ವರ್ಷ. ಕಾಲೇಜಿಗೆ ಹೋಗುವಾಗ ಗೆಳೆಯರ ಜತೆ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುತ್ತಾನೆ, ಗಾಡಿ ನಿಲ್ಲುವ ಮೊದಲೇ ಹಾರಿ ಇಳಿಯುತ್ತಾನೆ. ಮನೆಯಲ್ಲಿ ಸಿಟ್ಟು ಬಂದರೆ ಕೈಯಲ್ಲಿದ್ದ ಮೊಬೈಲನ್ನೇ ಗೋಡೆಗೆ ಎಸೆದು, ಅರ್ಧ ಗಂಟೆಯ ಮೇಲೆ ತಾನೇ ಅಳುತ್ತಾನೆ. ನನ್ನ ಮಾವನವರೂ ಹೀಗೆಯೇ ಇದ್ದರಂತೆ. ಒಂದು ಮಾತಿಗೆ ಮುನಿದು, ಚೆನ್ನಾಗಿ ನಡೆಯುತ್ತಿದ್ದ ಹೋಟೆಲಿನ ಪಾಲು ಬಿಟ್ಟುಕೊಟ್ಟು ಊರಿಗೆ ಹೋದವರು. ‘ಅಜ್ಜನ ರಕ್ತ’ ಎಂದು ಎಲ್ಲರೂ ಹೇಳುತ್ತಾರೆ. ಉಗುಳು ಕಳುಹಿಸಿದರೆ ‘ಯೋಧರ ಜೀನ್’ ಇದೆಯೇ ಎಂದು ತಿಳಿಸುವ ಪರೀಕ್ಷೆ ಇದೆಯಂತೆ. ಮಾಡಿಸಬೇಕೇ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಪರೀಕ್ಷೆ ಬೇಡ. ಆ ಹಣದಲ್ಲಿ ಮಗನಿಗೆ ಹೊಸ ಮೊಬೈಲನ್ನೂ ಕೊಡಿಸಬೇಡಿ, ಅದು ಬೇರೆ ಮಾತು.

‘ಯೋಧರ ಜೀನ್’ ಎಂಬ ಆಡಂಬರದ ಹೆಸರು ಹೊತ್ತದ್ದು ಎಂಎಒಎ ಎಂಬ ವಂಶವಾಹಿ. ಸೆರೊಟೋನಿನ್, ಡೋಪಮೈನ್ ಮೊದಲಾದ ಮೆದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವವೊಂದು ಅದರಿಂದ ತಯಾರಾಗುತ್ತದೆ. 1993ರಲ್ಲಿ ತಳಿವಿಜ್ಞಾನಿ ಹಾನ್ ಬ್ರುನರ್ ಮತ್ತು ಸಂಗಡಿಗರು ನೆದರ್‌ಲೆಂಡ್ಸಿನ ಒಂದು ಕುಟುಂಬದ ಕೆಲವು ಗಂಡಸರಲ್ಲಿ ಈ ವಂಶವಾಹಿ ಸಂಪೂರ್ಣ ಕೆಟ್ಟಿರುವುದನ್ನೂ, ಅವರು ತಡೆಯಿಲ್ಲದ ಸಿಟ್ಟಿನ ಕೃತ್ಯಗಳಲ್ಲಿ ತೊಡಗುತ್ತಿದ್ದುದನ್ನೂ ವರದಿ ಮಾಡಿದರು. ಅಂಥ ದೋಷ ಅತ್ಯಂತ ವಿರಳ. ಮಾರಾಟದ ಪರೀಕ್ಷೆಗಳು ಹುಡುಕುವುದು ಅದನ್ನಲ್ಲ; ಕಿಣ್ವ ಸ್ವಲ್ಪ ಕಡಿಮೆ ತಯಾರಾಗುವ ಒಂದು ಸಾಮಾನ್ಯ ರೂಪವನ್ನು. ಹಲವು ಜನಸಮುದಾಯಗಳಲ್ಲಿ ಗಂಡಸರ ಪೈಕಿ ಮೂರನೇ ಒಂದು ಪಾಲಿಗೋ ಅದಕ್ಕಿಂತ ಹೆಚ್ಚಿನವರಿಗೋ ಆ ರೂಪ ಇರುತ್ತದೆ. ಅಷ್ಟೂ ಜನ ಯೋಧರಾಗಿದ್ದರೆ ಬೆಳಗಿನ ಎಂಟೂವರೆಯ ಫಾಸ್ಟ್ ಲೋಕಲ್ ಕಲ್ಯಾಣದಿಂದ ಹೊರಡುತ್ತಲೇ ಇರಲಿಲ್ಲ.

ನಿಮ್ಮ ಮನೆಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎಂಎಒಎ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡು ಮಗುವಿಗೆ ತಂದೆಯಿಂದ ಬರುವುದು ವೈ, ತಾಯಿಯಿಂದ ಬರುವುದು ಎಕ್ಸ್. ನಿಮ್ಮ ಮಾವನವರ ಎಕ್ಸ್ ಅವರ ಮಗನಿಗೇ ದಾಟಿಲ್ಲ. ಮೊಮ್ಮಗನಿಗೆ ಬರುವ ದಾರಿಯೇ ಇಲ್ಲ. ಸೋದರಮಾವನ ಆಸ್ತಿ ಅಳಿಯನಿಗೆ ಇಳಿಯುವ ನಮ್ಮ ತುಳುನಾಡಿನ ಅಳಿಯಕಟ್ಟಿನಂತೆ ಈ ವಂಶವಾಹಿಯ ಲೆಕ್ಕದಲ್ಲಿ ಹುಡುಗನು ಅಜ್ಜನಿಗಿಂತ ಸೋದರಮಾವನಿಗೆ ಹತ್ತಿರದವನು. ಆದ್ದರಿಂದ ಪರೀಕ್ಷೆಯಲ್ಲಿ ಏನೇ ಬಂದರೂ ‘ಅಜ್ಜನ ರಕ್ತ’ ಎಂಬುದು ಅದರಿಂದ ಸಾಬೀತಾಗುವುದಿಲ್ಲ.

ಹಾಗೆಂದು ದುಡುಕಿಗೂ ವಂಶಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. ತದ್ರೂಪಿ ಅವಳಿಗಳನ್ನೂ ಸಾಮಾನ್ಯ ಅವಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನಗಳು, ಜನರ ನಡುವೆ ಕಾಣುವ ದುಡುಕಿನ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕವೆಂದು ಹೇಳುತ್ತವೆ. ಈ ‘ಅರ್ಧ’ ಎಂಬ ಮಾತನ್ನೇ ಹೆಚ್ಚಿನವರು ತಪ್ಪಾಗಿ ಹಿಡಿಯುತ್ತಾರೆ. ಹೋಟೆಲಿನ ಮನೆಯವರಾದ ನಿಮಗೆ ದೋಸೆಯ ಲೆಕ್ಕದಲ್ಲಿ ಹೇಳುತ್ತೇನೆ. ಹಲವು ಬಗೆಯ ಹಿಟ್ಟನ್ನು ಹಲವು ಕಾವಲಿಗಳ ಮೇಲೆ ಹುಯ್ದು ನೂರು ದೋಸೆ ಮಾಡಿದರೆ, ಅವುಗಳ ನಡುವಿನ ವ್ಯತ್ಯಾಸದಲ್ಲಿ ಹಿಟ್ಟಿನ ಪಾಲೆಷ್ಟು, ಕಾವಲಿಯ ಪಾಲೆಷ್ಟು ಎಂದು ಲೆಕ್ಕ ಹಾಕಬಹುದು. ಆದರೆ ಒಂದೇ ದೋಸೆಯನ್ನು ತಟ್ಟೆಗೆ ಹಾಕಿಕೊಂಡು ಇದರ ಗರಿಯಲ್ಲಿ ಹಿಟ್ಟಿನದೆಷ್ಟು ಎಂದು ಕೇಳುವುದಕ್ಕೆ ಅರ್ಥವಿಲ್ಲ. ನಿಮ್ಮ ಮಗ ಆ ಒಂದು ದೋಸೆ.

ಆ ಆನುವಂಶಿಕ ಪಾಲೂ ಒಂದೆರಡು ವಂಶವಾಹಿಗಳಿಂದ ಬಂದದ್ದಲ್ಲ. 2023ರಲ್ಲಿ ಪ್ರಕಟವಾದ, ಒಂದು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಬಳಸಿದ ಅಧ್ಯಯನದಲ್ಲಿ 3ನೇ ವರ್ಣತಂತುವಿನ ಸಿಎಡಿಎಂ2 ಎಂಬ ವಂಶವಾಹಿ ಎದ್ದು ಕಂಡಿತು; ನರಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಂಪರ್ಕ ಬೆಳೆಸಲು ನೆರವಾಗುವ ವಂಶವಾಹಿಯದು. ಅದಕ್ಕೂ ಮೊದಲು, 2021ರಲ್ಲಿ, 15 ಲಕ್ಷ ಜನರ ಮಾಹಿತಿಯಿಂದ ಸ್ವನಿಯಂತ್ರಣಕ್ಕೆ ಸಂಬಂಧಿಸಿದ ವರ್ತನೆಗಳನ್ನು ಒಟ್ಟಾಗಿ ನೋಡಿದಾಗ ಅವುಗಳೊಡನೆ ನಂಟಿರುವ 579 ನೆಲೆಗಳು ವರ್ಣತಂತುಗಳಲ್ಲಿ ಸಿಕ್ಕವು. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು. ಈ ಅಧ್ಯಯನಗಳಲ್ಲಿ ಇದ್ದವರು ಯುರೋಪ್ ಮೂಲದವರಾದ್ದರಿಂದ, ಆ ಪುಟ್ಟ ಪುಟ್ಟ ಪ್ರಭಾವಗಳನ್ನು ಕೂಡಿಸಿ ಉಡುಪಿ ಮೂಲದ ಹುಡುಗನೊಬ್ಬನ ಭವಿಷ್ಯ ಹೇಳುವುದು ಜಾತಕಕ್ಕಿಂತ ಹೆಚ್ಚು ನಂಬುವಂಥದ್ದಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಗುಣಗಳು ಒಂದೇ ಹೆಸರಿನಲ್ಲಿ ಬಂದಿರುವುದು. ಗಾಡಿಯಿಂದ ಹಾರುವುದು ರೋಮಾಂಚನದ ಹಂಬಲ. ಮೊಬೈಲ್ ಎಸೆಯುವುದು ಸಂಕಟದ ಹೊತ್ತಿನಲ್ಲಿ ಕೈ ತಡೆಯಲಾಗದ ದುಡುಕು. ಇವೆರಡರ ಆನುವಂಶಿಕ ಬೇರುಗಳೂ ಪೂರ್ತಿ ಒಂದೇ ಅಲ್ಲವೆಂದು ಅದೇ 2023ರ ಅಧ್ಯಯನ ತೋರಿಸಿದೆ. ಮೊದಲನೆಯದು ಹದಿಹರೆಯದಲ್ಲಿ ಏರಿ ಮುಂದೆ ಸಾಮಾನ್ಯವಾಗಿ ಇಳಿಯುತ್ತದೆ, ಏಕೆಂದರೆ ಹಣೆಯ ಹಿಂದಿರುವ, ಲಗಾಮು ಹಿಡಿಯುವ ಮೆದುಳಿನ ಭಾಗ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದರೆ ಇಳಿಯುವವರೆಗೆ ಹುಡುಗ ಬದುಕಿರಬೇಕಲ್ಲ! ಗೆಳೆಯರು ನೋಡುತ್ತಿರುವಾಗ ಈ ವಯಸ್ಸಿನವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ. ಆದ್ದರಿಂದ ಉಪದೇಶಕ್ಕಿಂತ, ಸ್ವಲ್ಪ ದಿನ ಅವನು ಬೇರೆ ಗಾಡಿಗೆ ಹೋಗುವಂತೆ ಹೊತ್ತು ಬದಲಿಸುವುದೇ ಹೆಚ್ಚು ಫಲ ಕೊಟ್ಟೀತು. ಎರಡನೆಯದನ್ನು ನಾನು ಇನ್ನೂ ಗಂಭೀರವಾಗಿ ನೋಡುತ್ತೇನೆ. ಎಸೆದ ಮೇಲೆ ಅಳುತ್ತಾನೆಂದು ಬರೆದಿದ್ದೀರಿ. ಅವನಿಗೂ ಅದು ಬೇಡವಾಗಿದೆ. ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕರೆದೊಯ್ಯಿರಿ, ಸಾಯುವ ಮಾತೇನಾದರೂ ಆಡಿದರೆ ಅದೇ ದಿನ ಮನೋವೈದ್ಯರನ್ನು ಕಾಣಿರಿ. ‘ಅಜ್ಜನ ರಕ್ತ’ ಎಂಬ ಮಾತನ್ನು ಅವನೆದುರು ಯಾರೂ ಆಡದಿರಲಿ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ನಂಬಿದ ಹುಡುಗ ತಡೆಯುವ ಪ್ರಯತ್ನವನ್ನಾದರೂ ಏಕೆ ಮಾಡಿಯಾನು?

ಪ್ರಶ್ನೆ: 9 ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದರು. ಶಾಲೆಯಲ್ಲಿ ನಾನೂ ಹೀಗೆಯೇ ಇದ್ದೆ. ವಂಶದಿಂದ ಬಂದದ್ದಕ್ಕೆ ಮಾತ್ರೆ ನಾಟುತ್ತದೆಯೇ?
— ಒಬ್ಬ ತಂದೆ, ಪುಣೆ

ಉತ್ತರ: ನಾಟುತ್ತದೆ. ಎಡಿಎಚ್‌ಡಿಯಲ್ಲಿ ಆನುವಂಶಿಕತೆಯ ಪಾಲು ದುಡುಕಿಗಿಂತಲೂ ಹೆಚ್ಚು, ಸುಮಾರು ಮುಕ್ಕಾಲು ಭಾಗ. ಆದರೂ ಮಿಥೈಲ್‌ಫೆನಿಡೇಟ್ ಎಂಬ ಔಷಧ ಅನೇಕ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದು ವಂಶವಾಹಿಯನ್ನು ಮುಟ್ಟದೆ ಮೆದುಳಿನಲ್ಲಿ ಡೋಪಮೈನಿನ ಲಭ್ಯತೆಯನ್ನು ಹೆಚ್ಚಿಸುತ್ತದೆ. ವೈದ್ಯರು ಹೇಳಿದಂತೆ ಕೊಡಿ; ಹಸಿವು, ನಿದ್ರೆ, ತೂಕಗಳ ಮೇಲೆ ಕಣ್ಣಿಡಿ. ಬಿಲ್ಲು ಕಟ್ಟಲು ಮರೆಯುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ಇಂದಿಗೂ ನಿಮ್ಮ ಪಾಡಾಗಿದ್ದರೆ, ಮುಂದಿನ ಭೇಟಿಯಲ್ಲಿ ನಿಮ್ಮನ್ನೂ ಪರೀಕ್ಷಿಸಲು ಕೇಳಿಕೊಳ್ಳಿ.